ಬಾನುಲಿಯಲ್ಲಿ ಕೇಳಿದ ನಾಟಿಯ ಪದ

ಈ ಸಂಚಿಕೆಗೆ ಸಂಗೀತವನ್ನು ಕುರಿತು ಬರೆಯಬೇಕೆಂದು ಕೇಳಿದವರು ಪ್ರಾಯಶಃ ನಮ್ಮ ಪ್ರಾರ್ಥನಾಮಂದಿರದ ಕೀರ್ತನೆಗಳ ಪ್ರಸ್ತಾಪವನ್ನು ನಿರೀಕ್ಷಿಸಿದ್ದಿರಬಹುದು. ನಾನು ಹೇಳಹೊರಟಿರುವುದು ಬಾನುಲಿಯ ವಿಷಯ. ಅದರಲ್ಲಿಯೂ, ಹುಡುಕಿದಲ್ಲದೆ ಕಿವಿಗೆ ಬೀಳದ ಹಾಡುಗಳ ವಿಷಯ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿನಿ ನಿಲಯದ ಬಾಲಿಕೆಯೊಬ್ಬಳು ಬಟ್ಟೆ ಒಗೆಯುತ್ತ ನಾಟಿಯ ಪದವೊಂದನ್ನು ಹಾಡಿಕೊಳ್ಳುತ್ತಿದ್ದಳು. ಗದ್ದೆಯ ಹಾಡು ಗದ್ದೆಯಲ್ಲಿರಲಿ, ಶಾಲೆಯಲ್ಲಿ ಕೂಡದು ಎಂದು ನಾನು ತಡೆದೆನು. ಅದೇ ವರ್ಷ ಒಂದು ಸಂಜೆ ಹಾಸನದ ಆಕಾಶವಾಣಿಯಲ್ಲಿ ಜಾನಪದ ಗೀತೆಗಳು ಪ್ರಸಾರವಾಗುತ್ತಿರಲು ಆ ಧಾಟಿಯೇ ಕೇಳಿಬಂದಿತು. ಉಪಾಧ್ಯಾಯಿನಿಯರೆಲ್ಲರೂ ತಲೆದೂಗಿದರು; ನಾನೂ ತಲೆದೂಗಿದೆನು. ಬಳಿಕ ಆ ಹುಡುಗಿಯನ್ನು ಕರೆದು ಹಾಡೆಂದರೆ, "ಮರೆತುಹೋಗಿದೆ, ಮಿಸ್" ಎಂದು ನೆಲ ನೋಡಿದಳು. ಮರೆತಿರಲಿಲ್ಲವೆಂಬುದನ್ನು ನಾನು ಬಲ್ಲೆನು.

ಬಾನುಲಿಯೂ ನನ್ನಂತೆ ತಪ್ಪಿದ್ದುಂಟು. ನಮ್ಮ ಆರಾಧನೆಗೆ ಆಧಾರವಾದ ಹಾರ್ಮೋನಿಯಂ ವಾದ್ಯವನ್ನು ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹೊರಗಟ್ಟಿ, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಒಳಗೆ ಬಿಡಲಿಲ್ಲ. 1952ರ ಸುಮಾರಿಗೆ ಸಿನಿಮಾ ಹಾಡುಗಳನ್ನು ದೂರವಿಡಹೋಗಿ ಶ್ರೋತೃಗಳನ್ನು ಸಿಲೋನ್ ರೇಡಿಯೋಗೆ ಒಪ್ಪಿಸಿತು. ಆದರೂ ಅದು ಮಾಡಿದ ಉಪಕಾರವು ದೊಡ್ಡದು. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಆಕಾಶವಾಣಿಯನ್ನು ಆರಂಭಿಸಿದರು. 1950ರಲ್ಲಿ ಹುಟ್ಟಿದ ಧಾರವಾಡ ಕೇಂದ್ರಕ್ಕೆ ಮಲ್ಲಿಕಾರ್ಜುನ ಮನಸೂರರಂಥವರು ಸಂಗೀತ ಸಲಹೆಗಾರರಾಗಿದ್ದರು. ನಮ್ಮ ಜಿಲ್ಲೆಯ ರುದ್ರಪಟ್ಟಣದ ಆರ್. ಕೆ. ಶ್ರೀಕಂಠನ್‌ರವರು ಆಕಾಶವಾಣಿಯಲ್ಲಿಯೇ ದೀರ್ಘಕಾಲ ಸೇವೆ ಸಲ್ಲಿಸಿದರು. ಗಮಕವನ್ನು, ತತ್ತ್ವಪದವನ್ನು, ಸೋಬಾನೆಯನ್ನು ಟಿಕೆಟ್ಟು ಕೊಂಡು ಕೇಳುವವರಾರು? ಇಂಥವುಗಳಿಗೂ ಗೊತ್ತಾದ ಒಂದು ವೇಳೆಯನ್ನು ಕೊಟ್ಟದ್ದು ಬಾನುಲಿಯೇ.

ಈಗಿನ ಬಾಲಿಕೆಯರಿಗೆ ಫೋನು ಇದೆ. ಬೇಕಾದಾಗ ಬೇಕಾದುದನ್ನು ಕೇಳಬಹುದು. ಆದರೆ ಫೋನು ನಿನ್ನೆ ಮೆಚ್ಚಿದ ಹಾಡಿಗೆ ಹೋಲುವ ಹಾಡನ್ನೇ ಇಂದೂ ಮುಂದಿಡುತ್ತದೆ. ಒಂದೇ ಅಂಗಡಿಯ ಒಂದೇ ಮಿಠಾಯಿಯನ್ನು ದಿನವೂ ಕೊಟ್ಟಂತೆ. ಬಾನುಲಿಯಾದರೋ ವಾರ್ತೆ ಮುಗಿಯಿತೆನ್ನುವಷ್ಟರಲ್ಲಿ, ನಾವು ಹೆಸರನ್ನೇ ಕೇಳದ ಗಾಯಕಿಯನ್ನು ತಂದು ಕೂರಿಸುತ್ತದೆ. ಅದನ್ನು ಹಿಡಿಯುವುದಕ್ಕೆ ಮಾತ್ರ ತಾಳ್ಮೆ ಬೇಕು. ಎಫ್.ಎಂ. ಅಲೆಗಳು ಹೆಚ್ಚುಕಡಮೆ ನೇರವಾಗಿ ಹೋಗುವುವಾದ್ದರಿಂದ ಗುಡ್ಡದ ಮರೆಯಲ್ಲಿ ಮಂಕಾಗುತ್ತವೆ. ಅರೇಹಳ್ಳಿಯ ಕಾಫಿ ತೋಟಗಳ ನಡುವೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಪಾಡ್‌ಕಾಸ್ಟನ್ನು ನಾನು ಹಗೆಯೆಂದು ಎಣಿಸಿಲ್ಲ. ಮುದ್ರಿಸಿಟ್ಟ ಮಾತನ್ನೂ ಹಾಡನ್ನೂ ಬಿಡುವಾದಾಗ ಕೇಳುವ ಏರ್ಪಾಡು ಅದು. ಕೇಳುವವರು ಇಪ್ಪತ್ತೇ ಮಂದಿಯಾದರೂ ನಡೆಯುತ್ತದೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನವರು 2009ರಲ್ಲಿ ತೊಡಗಿದ ಸಾರಂಗ್ ಸಮುದಾಯ ಬಾನುಲಿಯಲ್ಲಿ ಕೊಂಕಣಿ, ತುಳು, ಬ್ಯಾರಿ ಭಾಷೆಗಳಿಗೂ ಸ್ಥಳ ದೊರೆಯಿತು. ಕ್ರೈಸ್ತ ವಿದ್ಯಾಸಂಸ್ಥೆಯೊಂದು ಮಾಡಿದ ಕೆಲಸವಿದು.

ಇದನ್ನು ಏತಕ್ಕೆ ಹೇಳುತ್ತೇನೆಂದರೆ, ಕ್ರೈಸ್ತ ಬಾಲಿಕೆಯರಿಗೆ ಸೋಬಾನೆ, ಗಮಕ ಏಕೆಂದು ಸಭೆಯ ಹಿರಿಯರೊಬ್ಬರು ನನ್ನನ್ನು ಕೇಳಿದರು. 1894ರಲ್ಲಿ ಕನ್ನಡ ನಿಘಂಟನ್ನು ಪ್ರಕಟಿಸಿದ ಕಿಟ್ಟೆಲ್ ಪಂಡಿತರೇ ಯೇಸುಸ್ವಾಮಿಯ ಚರಿತ್ರೆಯನ್ನು 'ಕಥಾಮಾಲೆ'ಯೆಂಬ ಹೆಸರಿನಿಂದ ದೇಶೀಯ ಪದ್ಯರೂಪದಲ್ಲಿ ರಚಿಸಿದರು. ಜರ್ಮನಿಯಿಂದ ಬಂದವರಿಗೆ ಅಡ್ಡಿಯಾಗದ ಧಾಟಿಯು ಅರೇಹಳ್ಳಿಯಲ್ಲಿ ಹುಟ್ಟಿದವರಿಗೆ ಹೇಗೆ ಅಡ್ಡಿಯಾದೀತು? ಹಿರಿಯರು ನಕ್ಕರು, ಒಪ್ಪಿದರೋ ಇಲ್ಲವೋ ಹೇಳಲಾರೆ.

ಶನಿವಾರ ಸಂಜೆಯ ಅರ್ಧ ಗಂಟೆಯನ್ನು ಇನ್ನು ಮುಂದೆ ಬಾನುಲಿಗೆ ಮೀಸಲಿಡಲಾಗುವುದು. ಯಾವ ಕೇಂದ್ರದಲ್ಲಿ ಏನೆಂಬುದನ್ನು ಒಂಬತ್ತನೆಯ ತರಗತಿಯವರು ಹುಡುಕಿ ಹಲಗೆಯ ಮೇಲೆ ಬರೆಯತಕ್ಕದ್ದು. ರಜೆಯಲ್ಲಿ ಪ್ರತಿಯೊಬ್ಬಳೂ ತನ್ನ ಅಜ್ಜಿಯಿಂದಲೋ ಕಾಫಿ ಕೊಯ್ಲಿಗೆ ಹೋಗುವ ತಾಯಿಯಿಂದಲೋ ಒಂದು ಪದವನ್ನು, ಅವರ ಅನುಮತಿ ಪಡೆದು, ಮನೆಯವರ ಫೋನಿನಲ್ಲಿ ಮುದ್ರಿಸಿ ತರಲಿ. ಆ ಹಳೆಯ ವಿದ್ಯಾರ್ಥಿನಿಗೂ ಕಾಗದ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.