ಎಚ್ಚರಿಕೆಯ ಫಲಕ ಯಾರ ಭಾಷೆಯಲ್ಲಿರಬೇಕು?

ದುಡಿಯಲು ಹೋದ ಮಕ್ಕಳು ಸಂಜೆಗೆ ಸುಖವಾಗಿ ಮನೆಗೆ ಮರಳಬೇಕು. ಇದಕ್ಕಿಂತ ದೊಡ್ಡ ಆಸೆ ಯಾವ ತಂದೆತಾಯಿಗಳಿಗೂ ಇರಲಾರದು. ಕೂಲಿ ಎಷ್ಟು ಬಂತೆಂಬ ಲೆಕ್ಕ ಆಮೇಲಿನ ಮಾತು. ನಮ್ಮ ರತ್ನಗಿರಿ, ರೊಳ್ಳ, ಮಡಕಶಿರಾ ಸೀಮೆಯಿಂದ ಹತ್ತನೆಯ ತರಗತಿ ಮುಗಿಸಿದ ಹುಡುಗ ಹುಡುಗಿಯರು ಕೆಲಸವನ್ನರಸಿ ಹಿಂದೂಪುರಕ್ಕೆ, ತುಮಕೂರಿಗೆ, ಬೆಂಗಳೂರಿಗೆ ಹೋಗುತ್ತಾರೆ. ರಾಯದುರ್ಗದ ಕಡೆಯವರಿಗೆ ಜೀನ್ಸ್ ಹೊಲಿಯುವ ಕೆಲಸ, ಒಗೆದು ಬಣ್ಣ ತೆಗೆಯುವ ಕೆಲಸ ಹತ್ತಿರದ್ದು. ಎಲ್ಲಿ ಹೋದರೂ ಇಂದಿನ ದುಡಿಮೆಯಲ್ಲಿ ರಾಸಾಯನಿಕ ವಸ್ತುಗಳ ಸಹವಾಸ ತಪ್ಪಿದ್ದಲ್ಲ. ಆದ್ದರಿಂದ ವಿಷಾನಿಲ ಮತ್ತು ರಾಸಾಯನಿಕಗಳಿಂದ ಕಾರ್ಮಿಕರ ರಕ್ಷಣೆಯ ವಿಚಾರವನ್ನು ಈ ವರ್ಷದ ಸಂಚಿಕೆಯಲ್ಲಿ ಪೋಷಕರ ಮತ್ತು ವಿದ್ಯಾರ್ಥಿಗಳ ಮುಂದಿಡಲು ಬಯಸುತ್ತೇವೆ.

ಕನ್ನಡ ಪಾಠ ಹೇಳುವವರಿಗೆ ಕಾರ್ಖಾನೆಯ ಗೊಡವೆ ಏಕೆಂದು ಕೆಲವರು ಕೇಳಬಹುದು. ಈ ವಿಚಾರದ ಬೇರು ಭಾಷೆಯಲ್ಲೇ ಇದೆಯೆಂಬುದು ನಮ್ಮ ಅಭಿಪ್ರಾಯ. ಅಪಾಯ ಇರುವುದು ಒಂದು ಕಷ್ಟ. ಅಪಾಯವಿದೆಯೆಂದು ಅಲ್ಲಿ ದುಡಿಯುವವನಿಗೆ ತಿಳಿಯದಿರುವುದು ಅದಕ್ಕಿಂತ ದೊಡ್ಡ ಕಷ್ಟ.

ಹಾವು ಕಂಡರೆ ಸರಿಯುತ್ತೇವೆ, ಬೆಂಕಿ ಕಂಡರೆ ಓಡುತ್ತೇವೆ. ಅನಿಲದ ಸ್ವಭಾವ ಹಾಗಲ್ಲ. ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಡನೆ ಒಳಹೊಕ್ಕು, ಆಮ್ಲಜನಕವನ್ನು ಹೊರಬೇಕಾದ ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆ ಸುತ್ತಿತೆನ್ನುವಷ್ಟರಲ್ಲಿ ಕಾಲಿನ ಬಲ ಹೋಗಿರುತ್ತದೆ. ಕೊಳೆತ ವಸ್ತುವಿರುವ ಗುಂಡಿಗಳಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡಿಗೆ ಕೊಳೆತ ಮೊಟ್ಟೆಯ ನಾತವಿದೆ. ಆದರೆ ಅದರ ಪ್ರಮಾಣ ಹೆಚ್ಚಾದಾಗ ಮೂಗಿನ ಶಕ್ತಿಯೇ ಸತ್ತು ನಾತ ತಿಳಿಯುವುದಿಲ್ಲ. ನಾತ ಹೋಯಿತೆಂದು ಧೈರ್ಯ ತಂದುಕೊಂಡವನು ಆ ಧೈರ್ಯದಿಂದಲೇ ಕೆಡುತ್ತಾನೆ. ಕಣ್ಣು ಮೂಗುಗಳನ್ನು ನಂಬಲಾಗದ ಇಂಥ ಕಡೆ ಮನುಷ್ಯನನ್ನು ಕಾಯುವುದು ತಿಳಿವಳಿಕೆ ಒಂದೇ.

ಇದು ದೂರದ ದೇಶದ ಮಾತೂ ಅಲ್ಲ. 2018ರ ಜುಲೈ 12ರಂದು ನಮ್ಮ ಅನಂತಪುರ ಜಿಲ್ಲೆಯ ತಾಡಿಪತ್ರಿಯ ಗೆರ್ಡಾವ್ ಉಕ್ಕಿನ ಕಾರ್ಖಾನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಸೋರಿ ಆರು ಮಂದಿ ಪ್ರಾಣಕ್ಕೆ ಎರವಾದರು. ಆಗ ರತ್ನಗಿರಿಯೂ ಅದೇ ಜಿಲ್ಲೆಯಲ್ಲಿತ್ತು. 2022ರಲ್ಲಷ್ಟೇ ನಾವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆವು. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್.ಜಿ. ಪಾಲಿಮರ್ಸ್ ಕಾರ್ಖಾನೆಯ ತೊಟ್ಟಿಯಿಂದ ಸ್ಟೈರೀನ್ ಆವಿ ಹೊರಬಂದು ಪಕ್ಕದ ಆರ್.ಆರ್. ವೆಂಕಟಾಪುರವನ್ನು ಮುತ್ತಿತು. ಹನ್ನೆರಡು ಮಂದಿ ಸತ್ತರು. ಅಪಾಯದ ಸೈರನ್ ಇದ್ದೂ ಅದನ್ನು ಮೊಳಗಿಸಲಿಲ್ಲವೆಂದು ಆಂಧ್ರಪ್ರದೇಶ ಸರ್ಕಾರವೇ ನೇಮಿಸಿದ ಉನ್ನತ ಸಮಿತಿ ತಿಳಿಸಿತು. ಎಚ್ಚರಿಸುವ ಸಾಧನವಿತ್ತು, ಎಚ್ಚರಿಕೆ ಮಾತ್ರ ಜನರನ್ನು ಮುಟ್ಟಲಿಲ್ಲ.

ಕರ್ನಾಟಕದ ಒಂದು ಸಂಗತಿಯನ್ನೂ ನೋಡೋಣ. 2022ರ ಏಪ್ರಿಲ್ 17ರಂದು ಮಂಗಳೂರಿನ ಬಜ್ಪೆಯ ಬಳಿ ಮೀನು ಸಂಸ್ಕರಣೆಯ ಘಟಕವೊಂದರಲ್ಲಿ ತ್ಯಾಜ್ಯದ ತೊಟ್ಟಿಗಿಳಿದ ಕಾರ್ಮಿಕನು ಕುಸಿದನು. ಅವನನ್ನು ಎತ್ತಲು ಜೊತೆಗಾರರು ಒಬ್ಬರ ಹಿಂದೊಬ್ಬರು ಇಳಿದರು. ಕೊನೆಗೆ ಐದು ಮಂದಿ ತೀರಿಕೊಂಡರು. ಐವರೂ ಪಶ್ಚಿಮ ಬಂಗಾಳದವರು. ಅದೇ ತಿಂಗಳ 13ರ ರಾತ್ರಿ ಏಲೂರು ಜಿಲ್ಲೆಯ ಅಕ್ಕಿರೆಡ್ಡಿಗೂಡೆಂನ ರಾಸಾಯನಿಕ ಕಾರ್ಖಾನೆಯಲ್ಲಿ ಸತ್ತ ಆರು ಮಂದಿಯಲ್ಲಿ ನಾಲ್ವರು ಬಿಹಾರದವರು. ಹೊಟ್ಟೆಪಾಡಿಗಾಗಿ ಭಾಷೆ ಬಾರದ ಊರಿಗೆ ಬಂದವರ ಪಾಲಿಗೇ ಅಪಾಯದ ಕೆಲಸ ಬೀಳುವುದನ್ನು ಇಲ್ಲಿ ಕಾಣುತ್ತೇವೆ.

ನಮ್ಮಲ್ಲಿ ಕಾಯಿದೆಗಳಿಲ್ಲದೆ ಹೀಗಾಯಿತೆ? ಇಲ್ಲ. 1948ರ ಕಾರ್ಖಾನೆಗಳ ಕಾಯಿದೆಯೇ ಈ ವಿಷಯದಲ್ಲಿ ಖಚಿತವಾಗಿ ಮಾತನಾಡಿತ್ತು. ಅನಿಲವಿರಬಹುದಾದ ತೊಟ್ಟಿ, ಗುಂಡಿಗಳಿಗೆ ಯಾರನ್ನಾದರೂ ಇಳಿಸಬೇಕಾದರೆ, ಒಳಗೆ ಅಪಾಯವಿಲ್ಲವೆಂದು ಬಲ್ಲವರು ಪರೀಕ್ಷಿಸಿ ಬರಹದಲ್ಲಿ ಕೊಡಬೇಕು. ಇಲ್ಲವಾದರೆ ಇಳಿಯುವವನಿಗೆ ಉಸಿರಾಟದ ಸಾಧನವಿರಬೇಕು, ಸೊಂಟಪಟ್ಟಿಗೆ ಭದ್ರವಾಗಿ ಹಗ್ಗ ಕಟ್ಟಿರಬೇಕು, ಹಗ್ಗದ ಇನ್ನೊಂದು ತುದಿ ಹೊರಗೆ ನಿಂತವನ ಕೈಯಲ್ಲಿರಬೇಕು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಹೊಮ್ಮಿ ಸಾವಿರಾರು ಜನ ಮಡಿದ ಮೇಲೆ, 1987ರಲ್ಲಿ ಕಾಯಿದೆಯನ್ನು ತಿದ್ದಿದರು. ಯಾವ ವಸ್ತುವಿನಿಂದ ಏನು ಅಪಾಯ, ಅದಕ್ಕೇನು ಪರಿಹಾರ ಎಂಬುದನ್ನು ಕಾರ್ಮಿಕರಿಗೂ ಸುತ್ತಲಿನ ಜನರಿಗೂ ಮಾಲೀಕನು ತಿಳಿಸಲೇಬೇಕೆಂದು ಸೇರಿಸಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಆದರೂ ಹಾಕಿದ್ದು ಒಳ್ಳೆಯದೇ ಆಯಿತು. 2025ರ ನವೆಂಬರಿನಿಂದ ಆ ಕಾಯಿದೆಯ ಸ್ಥಾನಕ್ಕೆ, ಕೆಲಸದ ಸುರಕ್ಷತೆ ಮತ್ತು ಆರೋಗ್ಯವನ್ನು ಕುರಿತ 2020ರ ಸಂಹಿತೆ ಬಂದಿದೆ.

ಹಳೆಯ ಕಾಯಿದೆಯ ಒಂದು ಮಾತು ಭಾಷೆಯ ಉಪಾಧ್ಯಾಯರಾದ ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ಕಾರ್ಖಾನೆಯಲ್ಲಿ ತೂಗುಹಾಕುವ ಪ್ರಕಟಣೆಗಳು ಇಂಗ್ಲಿಷಿನಲ್ಲಿಯೂ, ಅಲ್ಲಿಯ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದು ಅದು ಹೇಳಿತ್ತು. ಒಳ್ಳೆಯ ಮಾತು. ಆದರೆ ಬಹುಪಾಲಿಗೆ ಸೇರದವನ ಗತಿಯೇನು? ನೂರು ಜನರಲ್ಲಿ ತೊಂಬತ್ತು ಮಂದಿಗೆ ಓದಲು ಬಂದರೆ ಉಳಿದ ಹತ್ತು ಮಂದಿಯನ್ನು ಅನಿಲ ಬಿಟ್ಟುಬಿಡುತ್ತದೆಯೆ? ಅಪಾಯದ ಫಲಕವು ಆ ಜಾಗದಲ್ಲಿ ದುಡಿಯುವ ಪ್ರತಿಯೊಬ್ಬನ ಭಾಷೆಯಲ್ಲಿಯೂ ಇರಬೇಕು. ಓದು ಬಾರದವನಿಗೆ ಚಿತ್ರದ ಮೂಲಕ, ಬಾಯಿಮಾತಿನ ಮೂಲಕ ತಿಳಿಸಬೇಕು. ತಿಳಿಯಿತೆ ಎಂದು ಅವನ ಬಾಯಿಂದಲೇ ಕೇಳಿಕೊಂಡ ಮೇಲೆ ಕೆಲಸಕ್ಕೆ ಹಚ್ಚಬೇಕು. ಇದೇ ನಮ್ಮ ವಾದ.

ಇಷ್ಟೊಂದು ಭಾಷೆಗಳಲ್ಲಿ ಬರೆಸುವುದು ಆಗದ ಮಾತೆಂದು ಮಾಲೀಕರು ಹೇಳಬಹುದು. ಸಾಬೂನು ಮಾರಬೇಕಾದಾಗ ಊರೂರಿನ ಭಾಷೆಯಲ್ಲಿ ಜಾಹೀರಾತು ಬರೆಸುವುದಕ್ಕೆ ಯಾವ ಕಂಪನಿಗೂ ಕಷ್ಟವಾಗುವುದಿಲ್ಲ. ಮಾರುವಾಗ ಬರುವ ಭಾಷೆ ಕಾಪಾಡುವಾಗ ಏಕೆ ಬರಬಾರದು? ಹೋದ ಊರಿನ ಭಾಷೆಯನ್ನು ಕಲಿಯುವುದು ಕಾರ್ಮಿಕನ ಕರ್ತವ್ಯವೆಂದು ಇನ್ನು ಕೆಲವರು ಹೇಳುತ್ತಾರೆ. ನಾವೂ ಒಪ್ಪುತ್ತೇವೆ. ಗಡಿನಾಡಿನ ನಮ್ಮ ಮಕ್ಕಳು ಕನ್ನಡದ ಜೊತೆಗೆ ತೆಲುಗನ್ನೂ ಕಲಿಯುತ್ತಾರೆ. ಎರಡರ ಲಿಪಿಗಳೂ ಅಕ್ಕತಂಗಿಯರಂತಿವೆ. ಆದರೆ ಭಾಷೆ ಕಲಿಯಲು ವರ್ಷ ಬೇಕು, ಅನಿಲಕ್ಕೆ ನಿಮಿಷ ಸಾಕು. ಬಂಗಾಳದಿಂದ ಬಂದವನು ಕನ್ನಡ ಕಲಿಯುವವರೆಗೆ ತೊಟ್ಟಿಯ ವಿಷ ಕಾಯುತ್ತ ಕೂರುವುದಿಲ್ಲ. ಆಂಧ್ರದಲ್ಲಿರುವ ನಾವು ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಎಚ್ಚರಿಕೆ ಬೇಕೆಂದು ಕೇಳುವುದಾದರೆ, ಕನ್ನಡ ನಾಡಿನಲ್ಲಿ ದುಡಿಯುವ ಬಂಗಾಳಿಗೆ ಬಂಗಾಳಿಯಲ್ಲಿ, ಬಿಹಾರಿಗೆ ಹಿಂದಿಯಲ್ಲಿ ಎಚ್ಚರಿಕೆ ಸಿಗಬೇಕೆಂದೂ ಕೇಳಬೇಕು. ನಮಗೊಂದು ನ್ಯಾಯ, ಪರರಿಗೊಂದು ನ್ಯಾಯ ಎಂದಾಗಬಾರದು.

ಇನ್ನು ನಮ್ಮ ಮನೆ, ಹೊಲಗಳ ಕಡೆ ತಿರುಗೋಣ. ಹೊಲವೂ ಕೆಲಸದ ಜಾಗವೇ. ಕೀಟನಾಶಕದ ಡಬ್ಬಿಯ ಮೇಲೆ ಓರೆಯಾಗಿ ನಿಲ್ಲಿಸಿದ ಒಂದು ಚೌಕವಿರುತ್ತದೆ. ಅದರ ಕೆಳಗಿನ ಅರ್ಧ ಕೆಂಪಾಗಿದ್ದರೆ ಅತ್ಯಂತ ಘೋರ ವಿಷ. ಹಳದಿ, ನೀಲಿ, ಹಸಿರು ಬಣ್ಣಗಳು ಅನುಕ್ರಮವಾಗಿ ಅದಕ್ಕಿಂತ ಕಡಿಮೆ ವಿಷದ ಗುರುತು. ಹಸಿರೆಂದರೆ ವಿಷವೇ ಇಲ್ಲವೆಂದು ಅರ್ಥವಲ್ಲ. ಡಬ್ಬಿಯ ಜೊತೆಗೆ ಬರುವ ಚೀಟಿಯಲ್ಲಿ ಹಿಂದಿ, ಇಂಗ್ಲಿಷಿನ ಜೊತೆಗೆ ಆ ಪ್ರದೇಶದ ಒಂದೆರಡು ಭಾಷೆಗಳೂ ಇರಬೇಕೆಂದು 1971ರ ಕೀಟನಾಶಕ ನಿಯಮಗಳು ಹೇಳುತ್ತವೆ. ಆ ಸಣ್ಣ ಅಕ್ಷರಗಳನ್ನು ಓದುವ ವ್ಯವಧಾನ ದಣಿದ ರೈತನಿಗೆ ಎಲ್ಲಿಂದ ಬರಬೇಕು? ಮನೆಯಲ್ಲಿ ಓದು ಬಲ್ಲ ಮಗನೋ ಮಗಳೋ ಇರುವುದು ಮತ್ತೇಕೆ? ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಸೋಂಕು ತೊಳೆಯಲು ಫಾರ್ಮಲಿನ್, ಬ್ಲೀಚಿಂಗ್ ಪೌಡರ್ ಬಳಸುತ್ತಾರೆ. ಫಾರ್ಮಲಿನ್ನಿನ ಆವಿ ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಉರಿಸುತ್ತದೆ; ಮುಖವಾಡ, ಕೈಗವಸುಗಳಿಲ್ಲದೆ ಅದನ್ನು ಮುಟ್ಟಬಾರದು. ಬ್ಲೀಚಿಂಗ್ ಪೌಡರನ್ನು ಪಾಯಿಖಾನೆ ತೊಳೆಯುವ ಆಸಿಡ್ಡಿನೊಡನೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಇವೆರಡನ್ನೂ ಎಂದೂ ಕೂಡಿಸಬಾರದೆಂದು ಪ್ರತಿ ಮನೆಯ ತಾಯಂದಿರಿಗೂ ತಿಳಿದಿರಬೇಕು.

ವಿದ್ಯಾರ್ಥಿಗಳೇ, ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿ. ಹಾಳುಬಾವಿ, ಮಲದಗುಂಡಿ, ಗೋಬರ್ ಗ್ಯಾಸ್ ಗುಂಡಿ, ಯಾವುದರಲ್ಲೇ ಆಗಲಿ ಒಬ್ಬನು ಕುಸಿದುಬಿದ್ದರೆ ಹಿಂದೆಯೇ ಇಳಿಯಬೇಡಿ. ಜನರನ್ನು ಕೂಗಿ; 101ಕ್ಕೆ ಅಗ್ನಿಶಾಮಕ ದಳದವರಿಗೂ, 108ಕ್ಕೆ ಆಂಬುಲೆನ್ಸಿಗೂ ಫೋನ್ ಮಾಡಿಸಿ. ಮೇಲಿನಿಂದಲೇ ಹಗ್ಗ ಇಳಿಬಿಟ್ಟು ಎತ್ತಲು ಸಾಧ್ಯವೆ ನೋಡಿ. ಇದು ಹೇಡಿತನವಲ್ಲ. ಬಜ್ಪೆಯ ಜೊತೆಗಾರರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಅವರಿಗೆ ಬೇಕಾಗಿದ್ದುದು ತಿಳಿವಳಿಕೆ ಮತ್ತು ಸಾಧನ. ಅವೆರಡನ್ನೂ ಒದಗಿಸಬೇಕಾದ ಹೊಣೆ ದುಡಿಸಿಕೊಳ್ಳುವವರದು.

ನಾಳೆ ನೀವು ಯಾವುದೇ ಕಾರ್ಖಾನೆಯ ಬಾಗಿಲು ಹೊಕ್ಕಾಗ ಮೇಸ್ತ್ರಿಯನ್ನು ವಿನಯದಿಂದ ಮೂರು ಪ್ರಶ್ನೆ ಕೇಳಿ. ಈ ಡ್ರಮ್ಮಿನಲ್ಲಿರುವುದು ಏನು? ಮೈಗೆ ತಾಕಿದರೆ, ಉಸಿರಿಗೆ ಹೋದರೆ ಏನಾಗುತ್ತದೆ? ಅಪಾಯ ಬಂದರೆ ಯಾವ ದಾರಿಯಲ್ಲಿ ಹೊರಗೆ ಓಡಬೇಕು? ಕೇಳಿದರೆ ಕೆಲಸ ಹೋದೀತೆಂಬ ಅಂಜಿಕೆ ಸಹಜ. ಆದ್ದರಿಂದ ಒಬ್ಬರೇ ಕೇಳುವ ಬದಲು ಹತ್ತು ಜನ ಕೂಡಿ ಕೇಳಿ. ಪೋಷಕರಲ್ಲಿಯೂ ನಮ್ಮದೊಂದು ಬಿನ್ನಹವಿದೆ. ಮಗ ಊರಿಗೆ ಬಂದಾಗ ಸಂಬಳ ಎಷ್ಟೆಂದು ಕೇಳುವುದರ ಜೊತೆಗೆ, ಅಲ್ಲಿ ಮುಖವಾಡ ಕೊಡುತ್ತಾರೆಯೆ, ಗೋಡೆಯ ಮೇಲೆ ಏನು ಬರೆದಿದೆ, ಅದು ನಿನಗೆ ಓದಲು ಬರುತ್ತದೆಯೆ ಎಂದೂ ಕೇಳಿರಿ.

ನಾವು ಶಾಲೆಯಲ್ಲಿ ಅಕ್ಷರ ಕಲಿಸುವುದು ಪರೀಕ್ಷೆಯಲ್ಲಿ ಅಂಕ ಗಳಿಸುವುದಕ್ಕೆ ಮಾತ್ರವಲ್ಲ. ಕಲಿತ ಅಕ್ಷರವು ಹೊತ್ತಿಗೆ ಒದಗಿ ಜೀವ ಉಳಿಸಬೇಕು. ಹಾಗೆ ಒದಗಬೇಕಾದರೆ ಗೋಡೆಯ ಮೇಲೆಯೂ ಆ ಅಕ್ಷರ ಇರಬೇಕು. ಓದುವುದನ್ನು ನಾವು ಕಲಿಸುತ್ತೇವೆ. ಬರೆಸುವ ಕೆಲಸವನ್ನು ದುಡಿಸುವವರು ಮಾಡಲಿ, ಮಾಡಿದರೋ ಇಲ್ಲವೋ ಎಂದು ಸರ್ಕಾರದ ಅಧಿಕಾರಿಗಳು ಹೋಗಿ ನೋಡಲಿ.