ಅಜ್ಜಿಯ ಹುರುಳಿ ಸಾರು ಮತ್ತು ಬಾಗಿಲಲ್ಲಿ ನಿಂತವನು



ಕಳೆದ ತಿಂಗಳು ಘಾಟ್ಕೋಪರಿನ ನಮ್ಮ ಮನೆಗೆ ಬಂದ ತಂಗಿಯ ಮಗ ಹೊಟ್ಟೆ ಹಿಡಿದುಕೊಂಡು ಕೂತ. ಜಿಮ್ಮಿಗೆ ಹೋಗುವ ಹುಡುಗ. ಪ್ರೋಟೀನಿಗೆಂದು ಒಂದು ವಾರದಿಂದ ಹಸಿ ಹುರುಳಿ ಹಿಟ್ಟನ್ನು ನೀರಿಗೆ ಕದಡಿ ಕುಡಿಯುತ್ತಿದ್ದನಂತೆ. "ಅಜ್ಜಿ ಬೇಯಿಸಿ ಬೇಯಿಸಿ ಸತ್ವವನ್ನೆಲ್ಲ ಹಾಳು ಮಾಡ್ತಾರೆ, ದೊಡ್ಡಮ್ಮ" ಎಂದ.

ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ನಿಜ. ಆದರೆ ಇದ್ದದ್ದೆಲ್ಲ ಮೈಗೆ ಹತ್ತುವುದಿಲ್ಲ.

ಪ್ರೋಟೀನ್ ಒಂದು ಉದ್ದನೆಯ ಸರ. ಅದನ್ನು ಕತ್ತರಿಸಿದರೆ ಮಾತ್ರ ರಕ್ತಕ್ಕೆ ಸೇರೀತು. ಸಣ್ಣ ಕರುಳಿನಲ್ಲಿ ಈ ಕೆಲಸ ಮಾಡುವ ಮುಖ್ಯ ಕಿಣ್ವ, ಅಂದರೆ ಎನ್‌ಜೈಮ್, ಟ್ರಿಪ್ಸಿನ್. ಕಿಣ್ವದ ಮೈಯಲ್ಲೊಂದು ಗುಳಿಯಿರುತ್ತದೆ. ಸರ ಅಲ್ಲಿ ಸರಿಯಾಗಿ ಕೂತರೆ ತುಂಡಾಗುತ್ತದೆ. ಕಿಣ್ವ ಮಾತ್ರ ಹಾಗೆಯೇ ಉಳಿದು ಮುಂದಿನದಕ್ಕೆ ಸಿದ್ಧವಾಗುತ್ತದೆ. 1894ರಲ್ಲಿ ಜರ್ಮನಿಯ ಎಮಿಲ್ ಫಿಷರ್ ಇದನ್ನು ಬೀಗ ಮತ್ತು ಬೀಗದಕೈಗೆ ಹೋಲಿಸಿದರು.

ಘಾಟ್ಕೋಪರ್ ಸ್ಟೇಷನ್ನಿನಲ್ಲಿ ಲೋಕಲ್ಲಿನ ಬಾಗಿಲಿಗೆ ಅಡ್ಡ ನಿಂತವನನ್ನು ನೀವೆಲ್ಲ ಕಂಡಿದ್ದೀರಿ. ತಾನೂ ಒಳಗೆ ಹೋಗ, ನಿಮ್ಮನ್ನೂ ಬಿಡ! ಹುರುಳಿಯಲ್ಲಿರುವ ಒಂದು ಪುಟ್ಟ ಪ್ರೋಟೀನ್ ಟ್ರಿಪ್ಸಿನ್ನಿನ ಗುಳಿಯಲ್ಲಿ ಹೀಗೆಯೇ ನಿಲ್ಲುತ್ತದೆ. ಇದೇ ಪ್ರತಿರೋಧಕ. ಕಾಳು ತಿನ್ನುವ ಹುಳುವಿಗೆ ಜೀರ್ಣವಾಗದಿರಲೆಂದು ಗಿಡ ಮಾಡಿಕೊಂಡ ಉಪಾಯವಿದು. ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ಇದನ್ನು ಬೇರ್ಪಡಿಸಿ ಅಭ್ಯಾಸ ಮಾಡಿದ್ದಾರೆ. ಗಂಧಕದ ಕೊಂಡಿಗಳಿಂದ ಬಿಗಿದುಕೊಂಡಿರುವುದರಿಂದ ಇದು ಅಲ್ಪಸ್ವಲ್ಪ ಬಿಸಿಗೆ ಜಗ್ಗುವುದಿಲ್ಲ. ರಾತ್ರಿ ನೆನೆಸಿ, ಮೊಳಕೆ ಬರಿಸಿ, ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿದರೆ ಇದರ ಬಲ ಕುಗ್ಗುತ್ತದೆ. ಹಸಿ ಕಾಳಿನಲ್ಲಿ ಹೊಟ್ಟೆಗೆ ಒಗ್ಗದ ಬೇರೆ ವಸ್ತುಗಳೂ ಇವೆ. ಹುಡುಗನ ಹೊಟ್ಟೆನೋವಿಗೆ ಅವೂ ಕಾರಣವಾಗಿರಬಹುದು.

ಹಾಗೆಂದು ಪ್ರತಿರೋಧಕಗಳೆಲ್ಲ ಶತ್ರುಗಳಲ್ಲ. ಹೃದಯದ ತೊಂದರೆಯಿರುವ ಅಜ್ಜನಿಗೆ ವೈದ್ಯರು ಬರೆದುಕೊಡುವ ಪುಟ್ಟ ಆಸ್ಪಿರಿನ್ ಮಾತ್ರೆಯೂ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಿಣ್ವವೊಂದನ್ನು ತಡೆದೇ ಅವರನ್ನು ಕಾಪಾಡುತ್ತದೆ. ಯಾವ ಬಾಗಿಲಲ್ಲಿ ಯಾರು ನಿಂತಿದ್ದಾರೆ ಎಂಬುದೇ ಮುಖ್ಯ.

ತುಳುವರ ಕುಡುತ ಸಾರು, ಬಯಲುಸೀಮೆಯ ಹುರುಳಿಕಟ್ಟು, ನೆರೆಮನೆಯ ಮರಾಠಿ ಅಜ್ಜಿಯ ಕುಳೀಥ ಪಿಠ್ಲ – ಎಲ್ಲವೂ ಒಲೆಯ ಮೇಲೆ ಬೆಂದವೇ. ನಮ್ಮ ಅಜ್ಜಿಯರಿಗೆ ಟ್ರಿಪ್ಸಿನ್ನಿನ ಹೆಸರು ಗೊತ್ತಿರಲಿಲ್ಲ. ಹೊಟ್ಟೆಯ ಗುಣ ಗೊತ್ತಿತ್ತು. ಕಾಲೇಜಿನಲ್ಲಿ ಹೆಸರು ಕಲಿತ ನಾವು ಆ ಅರಿವನ್ನು ಕಳೆದುಕೊಂಡರೆ ನಷ್ಟ ನಮಗೇ.

ಈ ಭಾನುವಾರ ಅಜ್ಜಿಯ ಪಕ್ಕ ನಿಂತು ಹುರುಳಿ ಸಾರು ಕಲಿಯಿರಿ. ಇಷ್ಟು ಹೊತ್ತು ಬೇಯಿಸುವುದೇಕೆಂದು ಕೇಳಿ. ಅವರಿಗೆ ಕಾರಣ ಹೇಳಲು ಬಾರದಿದ್ದರೆ, ನೀವೇ ಹೇಳಿ – ಕನ್ನಡದಲ್ಲಿ.