ತಂಗಲೊಂದು ತೋಪು

ವೈರಮುಡಿ ಉತ್ಸವಕ್ಕಾಗಿ ನಾಗಮಂಗಲದ ಕಡೆಯಿಂದ ಮೇಲುಕೋಟೆಗೆ ಕಮಾನುಗಾಡಿಗಳಲ್ಲಿ ಹೊರಡುತ್ತಿದ್ದ ನಮ್ಮ ಹಿರಿಯರಿಗೆ ಬಿಡಾರ ಹೂಡುವ ಸ್ಥಳದ ಚಿಂತೆ ಇರಲಿಲ್ಲ. ದಾರಿಯ ಗುಂಡುತೋಪಿನಲ್ಲಿ ನೆರಳು, ಪಕ್ಕದ ಕಟ್ಟೆಯಲ್ಲಿ ಎತ್ತುಗಳಿಗೆ ನೀರು, ಒಲೆಗೆ ಮೂರು ಕಲ್ಲು. ಹೇಮಗಿರಿಯ ದನಗಳ ಜಾತ್ರೆಗೆ ಹೋಗುವವರಿಗೂ ಹೇಮಾವತಿಯ ದಡವೇ ಮನೆಯಾಗಿತ್ತು.

ಕಳೆದ ಬಾರಿ ಮೊಮ್ಮಕ್ಕಳೊಡನೆ ಟೆಂಪೋದಲ್ಲಿ ಮೇಲುಕೋಟೆಗೆ ಹೋದಾಗ, ಬಾಲ್ಯದಲ್ಲಿ ನಾನು ಮಲಗಿದ್ದ ತೋಪನ್ನು ಹುಡುಕಿದೆ. ಅಲ್ಲಿ ನಿವೇಶನದ ಕಲ್ಲುಗಳಿದ್ದವು. ರಸ್ತೆಯಂಚಿನ ಬಿಸಿಲಿನಲ್ಲೇ ಬುತ್ತಿ ಬಿಚ್ಚಿದೆವು.

ಯಾತ್ರಿಕರಿಗೆ ಹೊಸ ವಸತಿಗೃಹಗಳಿಗಿಂತ ಮೊದಲು ಬೇಕಾದುದು ಹಳೆಯ ತೋಪುಗಳ ರಕ್ಷಣೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅವು ಯಾರೊಬ್ಬರ ಸ್ವತ್ತೂ ಅಲ್ಲ, ಊರಿನವು. ಪಂಚಾಯಿತಿಗಳಲ್ಲಿರುವ ನನ್ನ ಶಿಷ್ಯರು ಅವುಗಳನ್ನು ಅಳತೆ ಮಾಡಿಸಿ, ಎಲ್ಲೆ ಗುರುತಿಸಿ, ಹೊಂಗೆ, ಹುಣಸೆ ನೆಡಿಸಲಿ. ಗುರುದಕ್ಷಿಣೆಯೆಂದು ಬೇರೇನನ್ನೂ ನಾನು ಕೇಳೆನು.